ಹಿಮಬೆಟ್ಟದಲ್ಲಿ ಮೊದಲ ದಿನವೇ ತಲೆನೋವು: ಕರ್ಪೂರ ಮೂಸಿದರೆ ಸಾಕೇ?

ಅಮೆರಿಕದ ನೈಋತ್ಯ ಭಾಗ ಎಂದರೆ ನಮಗೆ ನೆನಪಾಗುವುದು ಮರುಭೂಮಿ, ಬಿಸಿಲು, ಕಳ್ಳಿಗಿಡ. ಆದರೆ ಅಲ್ಲಿನ ನ್ಯೂ ಮೆಕ್ಸಿಕೋ ರಾಜ್ಯದ ಉತ್ತರದಲ್ಲಿ, 1955ರಲ್ಲಿ ಅರ್ನಿ ಬ್ಲೇಕ್ ಎಂಬುವರು ಆರಂಭಿಸಿದ ಟಾವೋಸ್ ಸ್ಕೀ ವ್ಯಾಲಿ ಇದೆ. ಡಿಸೆಂಬರ್ ರಜೆ ಬಂತೆಂದರೆ ಟೆಕ್ಸಾಸ್ ಕಡೆಯಿಂದ ಕುಟುಂಬಗಳು ಅಲ್ಲಿಗೆ ಹೊರಡುತ್ತವೆ. ನಿಮ್ಮ ಮಗನೋ ಅಕ್ಕನ ಮಗಳೋ ಅವರಲ್ಲಿ ಒಬ್ಬರಾಗಿದ್ದರೆ, ಬೆಚ್ಚಗಿರಲು ಹೇಳುವ ಮೊದಲು ಇದನ್ನೊಮ್ಮೆ ಓದಿ. ಮೊದಲ ದಿನ ಹೆಚ್ಚು ಕಾಡುವುದು ಚಳಿಯಲ್ಲ, ಎತ್ತರ.

ಎಷ್ಟು ಎತ್ತರ?

ಟಾವೋಸ್ ಸ್ಕೀ ವ್ಯಾಲಿಯ ಬುಡವೇ ಸಮುದ್ರಮಟ್ಟದಿಂದ ಸುಮಾರು 2,800 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಅಂದರೆ ಅಲ್ಲಿ ಕಾರಿನಿಂದ ಇಳಿಯುವ ಜಾಗವೇ ಮುಳ್ಳಯ್ಯನಗಿರಿಗಿಂತ 800 ಮೀಟರ್‌ಗೂ ಹೆಚ್ಚು ಮೇಲಿದೆ. ಲಿಫ್ಟ್ ಹತ್ತಿ ಕಚೀನಾ ಶಿಖರಕ್ಕೆ ಹೋದರೆ 3,800 ಮೀಟರ್. ಹ್ಯೂಸ್ಟನ್‌ನಂಥ ಕರಾವಳಿ ಊರಿನಿಂದ ಒಂದೇ ದಿನದಲ್ಲಿ ಇಲ್ಲಿಗೆ ಬಂದವರ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಕ್ಕಿರುವುದಿಲ್ಲ.

ನಂಬಿಕೆ 1: ಕರ್ಪೂರ ಮೂಸಿದರೆ ಆಮ್ಲಜನಕ ಹೆಚ್ಚುತ್ತದೆ

ಸುಳ್ಳು. 2021ರ ಕೋವಿಡ್ ಅಲೆಯಲ್ಲಿ ಕರ್ಪೂರ, ಲವಂಗ, ಓಂಕಾಳಿನ ಪೊಟ್ಟಣದ ಸಂದೇಶ ನಮ್ಮೆಲ್ಲರ ಫೋನಿಗೂ ಬಂದಿತ್ತು. ಕರ್ಪೂರದಿಂದ ಮೂಗು ತೆರೆದಂತೆ ಅನಿಸುತ್ತದೆ, ಅಷ್ಟೆ. ರಕ್ತದಲ್ಲಿನ ಆಮ್ಲಜನಕ ಏರುವುದಿಲ್ಲ.

ಎತ್ತರದ ಗಾಳಿಯಲ್ಲೂ ಆಮ್ಲಜನಕದ ಪಾಲು ಶೇ 21ರಷ್ಟೇ ಇರುತ್ತದೆ. ಕಡಿಮೆಯಾಗುವುದು ಗಾಳಿಯ ಒತ್ತಡ. 2,800 ಮೀಟರ್‌ನಲ್ಲಿ ಅದು ಸಮುದ್ರಮಟ್ಟದ ಶೇ 70ರ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ಪ್ರತಿ ಉಸಿರಿನಲ್ಲೂ ಸಿಗುವ ಆಮ್ಲಜನಕ ಕಡಿಮೆ. ಅಂಗಡಿಯಲ್ಲಿ ಸಿಗುವ ಆಮ್ಲಜನಕದ ಪುಟ್ಟ ಡಬ್ಬಿಯೂ ಕೆಲವೇ ನಿಮಿಷಗಳಲ್ಲಿ ಖಾಲಿ.

ನಂಬಿಕೆ 2: ಗಟ್ಟಿಮುಟ್ಟಾದವರಿಗೆ ಏನೂ ಆಗುವುದಿಲ್ಲ

ತಪ್ಪು. ದಿನವೂ ಓಡುವ ಯುವಕನಿಗೂ ಎತ್ತರದ ಕಾಯಿಲೆ ಬರಬಹುದು. ನೆರೆಯ ಕೊಲೊರಾಡೋದ ಬೆಟ್ಟದ ತಾಣಗಳಿಗೆ ಬಂದವರ ಬಗ್ಗೆ 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದರ ಲಕ್ಷಣಗಳು ಕಂಡಿದ್ದವು. ತಲೆನೋವು, ವಾಕರಿಕೆ, ಸುಸ್ತು, ನಿದ್ದೆ ಬಾರದಿರುವುದು ಮುಖ್ಯ ಲಕ್ಷಣಗಳು. ಸಾಮಾನ್ಯವಾಗಿ ಇವು ಮೇಲೆ ತಲುಪಿದ 6ರಿಂದ 12 ಗಂಟೆಗಳಲ್ಲಿ ಶುರುವಾಗುತ್ತವೆ. ಅದಕ್ಕೇ ಹಲವರು ಇದನ್ನು ಪ್ರಯಾಣದ ಆಯಾಸ ಎಂದುಕೊಳ್ಳುತ್ತಾರೆ.

ನಂಬಿಕೆ 3: ಒಂದು ಪೆಗ್ ಹಾಕಿದರೆ ಮೈ ಬೆಚ್ಚಗಾಗುತ್ತದೆ

ಬೆಚ್ಚಗಾದಂತೆ ಅನಿಸುತ್ತದೆ, ಆದರೆ ಒಳಗಿನ ಶಾಖ ಹೊರಟುಹೋಗುತ್ತದೆ. ಮದ್ಯದಿಂದ ಚರ್ಮದ ರಕ್ತನಾಳಗಳು ಹಿಗ್ಗುವುದೇ ಇದಕ್ಕೆ ಕಾರಣ. ಹೆದರಿದವರಿಗೆ ಧೈರ್ಯ ಬರಲೆಂದು ಬ್ಲೇಕ್ ಅವರೇ ಮರಗಳಲ್ಲಿ ಮಾರ್ಟಿನಿ ಅಡಗಿಸಿಡುತ್ತಿದ್ದ ಕಥೆ ಟಾವೋಸ್‌ನಲ್ಲಿ ಪ್ರಸಿದ್ಧ. ಕಥೆ ಸೊಗಸಾಗಿದೆ, ಆದರೆ ಮೊದಲ ದಿನಕ್ಕೆ ಅದು ಸಲಹೆಯಲ್ಲ. ಎರಡು ಜೊತೆ ಕಾಲುಚೀಲವೂ ಬೇಡ. ಬೂಟು ಬಿಗಿಯಾಗಿ ರಕ್ತಸಂಚಾರ ಕುಗ್ಗಿದರೆ ಪಾದ ಇನ್ನಷ್ಟು ತಣ್ಣಗಾಗುತ್ತದೆ.

ನಂಬಿಕೆ 4: ಚಳಿಯಲ್ಲಿ ಬಿಸಿಲು ಸುಡುವುದಿಲ್ಲ

ಸುಡುತ್ತದೆ. ಪ್ರತಿ 1,000 ಮೀಟರ್ ಏರಿದಂತೆ ನೇರಳಾತೀತ ಕಿರಣಗಳು ಶೇ 10ರಷ್ಟು ಹೆಚ್ಚುತ್ತವೆ. ಹೊಸ ಹಿಮ ಅವುಗಳಲ್ಲಿ ಶೇ 80ರವರೆಗೆ ಮುಖಕ್ಕೇ ತಿರುಗಿಸುತ್ತದೆ. ಕಣ್ಣು ಮುಚ್ಚುವ ಕನ್ನಡಕ ಇಲ್ಲದಿದ್ದರೆ ಸಂಜೆ ಹೊತ್ತಿಗೆ ಕಣ್ಣಲ್ಲಿ ಮರಳು ಬಿದ್ದಂತೆ ಉರಿಯಬಹುದು. ಇದೇ ಹಿಮಕುರುಡು.

ನಂಬಿಕೆ 5: ನೀಲಿ ದಾರಿ ಎಲ್ಲ ಕಡೆ ಒಂದೇ

ಅಲ್ಲ. ಅಮೆರಿಕದಲ್ಲಿ ಹಸಿರು ವೃತ್ತ ಸುಲಭ ದಾರಿಗೆ, ನೀಲಿ ಚೌಕ ಮಧ್ಯಮಕ್ಕೆ, ಕಪ್ಪು ವಜ್ರಾಕೃತಿ ಕಠಿಣಕ್ಕೆ ಗುರುತು. ಆದರೆ ಆ ಹೋಲಿಕೆ ಅದೇ ಬೆಟ್ಟದ ಬೇರೆ ದಾರಿಗಳ ಜೊತೆ ಮಾತ್ರ. ಟಾವೋಸ್ ಕಡಿದಾದ ಬೆಟ್ಟ. ಬೇರೆಡೆ ನೀಲಿಯಲ್ಲಿ ಜಾರಿದವರೂ ಇಲ್ಲಿ ಹಸಿರಿನಿಂದಲೇ ಶುರುಮಾಡುವುದು ಜಾಣತನ.

ಹಾಗಾದರೆ ಏನು ಮಾಡಬೇಕು?

- ಸಾಧ್ಯವಾದರೆ ಮೊದಲ ರಾತ್ರಿ ಕೆಳಗಿನ ಊರಲ್ಲಿ ತಂಗಿ. ಟಾವೋಸ್ ಪಟ್ಟಣ ಸುಮಾರು 2,100 ಮೀಟರ್‌ನಲ್ಲಿದೆ.
- ಮೊದಲ ದಿನ ಅರ್ಧ ದಿನ ಸಾಕು. ನೀರು ಕುಡಿಯಿರಿ, ಹೊಟ್ಟೆಗೆ ತಿನ್ನಿ.
- ಹೃದಯ ಅಥವಾ ಶ್ವಾಸಕೋಶದ ತೊಂದರೆ ಇದ್ದವರು ಹೊರಡುವ ಮೊದಲೇ ವೈದ್ಯರನ್ನು ಕಾಣಿ. ಅಸೆಟಾಜೊಲಮೈಡ್ ಎಂಬ ಮಾತ್ರೆ ಎತ್ತರದ ಕಾಯಿಲೆ ತಡೆಯಲು ನೆರವಾಗುತ್ತದೆ. ಅದನ್ನು ವೈದ್ಯರು ಬರೆದುಕೊಟ್ಟರೆ ಮಾತ್ರ ನುಂಗಿ.
- ಬಾಡಿಗೆ ಅಂಗಡಿಯಲ್ಲಿ ನಿಜವಾದ ತೂಕ ಹೇಳಿ. ಬಿದ್ದಾಗ ಸ್ಕೀ ಕಾಲಿನಿಂದ ಬಿಡಿಸಿಕೊಳ್ಳುವ ಹಿಡಿಕೆಯನ್ನು ಅದನ್ನು ನೋಡಿಯೇ ಹೊಂದಿಸುತ್ತಾರೆ.
- ತಲೆನೋವು ಇರುವಾಗ ಇನ್ನೂ ಮೇಲಕ್ಕೆ ಹೋಗಬೇಡಿ.

ಕುಳಿತಲ್ಲೇ ಏದುಸಿರು, ನೊರೆಯ ಕೆಮ್ಮು, ತೂರಾಡುವ ನಡಿಗೆ, ಗೊಂದಲದ ಮಾತು ಕಂಡರೆ ಅದು ಜೀವಕ್ಕೆ ಅಪಾಯ. ಬೆಳಗಾಗಲಿ ಎಂದು ಕಾಯಬೇಡಿ. ಸ್ಕೀ ಗಸ್ತು ಸಿಬ್ಬಂದಿಗೆ ತಿಳಿಸಿ ಅಥವಾ 911ಕ್ಕೆ ಕರೆ ಮಾಡಿ, ಆದಷ್ಟು ಬೇಗ ಕೆಳಗಿಳಿಸಿ. ಇಲ್ಲಿ ಮೊದಲ ಮದ್ದು ಕೆಳಗಿಳಿಯುವುದೇ.

ಮನೆಯ ಗ್ರೂಪಿನಲ್ಲಿ ಕರ್ಪೂರದ ಸಂದೇಶ ಮತ್ತೆ ಬಂದರೆ, ಅದನ್ನು ಮುಂದೆ ಕಳಿಸುವ ಬದಲು ಈ ಕೊನೆಯ ಮಾತನ್ನು ಕಳಿಸಿ.