ಸ್ವತ್ತಿನ ಗಡಿಗೆ ಬೇಲಿ: ಹದ್ದುಬಸ್ತು ಹಾಗೂ ಬೇಲಿಯ ಆಯ್ಕೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಜಮೀನು ಅಥವಾ ನಿವೇಶನದ ಸುತ್ತ ಬೇಲಿ ನಿರ್ಮಿಸಲು ಬಯಸುವ ಸಾರ್ವಜನಿಕರು ಗಡಿಯನ್ನು ಖಚಿತಪಡಿಸಿಕೊಳ್ಳುವ ವಿಧಾನ, ಬೇಲಿಯ ವಿಧಗಳು ಹಾಗೂ ಅನುಸರಿಸಬೇಕಾದ ಎಚ್ಚರಿಕೆಗಳನ್ನು ಈ ಕೆಳಗೆ ವಿವರಿಸಲಾಗಿದೆ. ಬೇಲಿಯು ಸ್ವತ್ತನ್ನು ರಕ್ಷಿಸುತ್ತದೆಯೇ ಹೊರತು ಸ್ವತ್ತಿನ ಹಕ್ಕನ್ನು ಸೃಷ್ಟಿಸುವುದಿಲ್ಲ. ಗಡಿ ತಪ್ಪಿ ಹಾಕಿದ ಬೇಲಿಯನ್ನು ಕೀಳಬೇಕಾಗಿ ಬಂದಲ್ಲಿ ಅದಕ್ಕೆ ತಗುಲಿದ ವೆಚ್ಚವೆಲ್ಲ ಮಾಲೀಕರಿಗೇ ನಷ್ಟವಾಗುತ್ತದೆ.

1. ಮೊದಲು ಹದ್ದುಬಸ್ತು, ನಂತರ ಬೇಲಿ

ಕ್ರಯಪತ್ರದಲ್ಲಿರುವ ಚಕ್ಕುಬಂದಿಯು ನಾಲ್ಕು ದಿಕ್ಕಿನಲ್ಲಿ ಯಾರ ಸ್ವತ್ತು ಇದೆ ಎಂಬುದನ್ನು ತಿಳಿಸುತ್ತದೆ. ಗಡಿ ರೇಖೆಯು ನೆಲದ ಮೇಲೆ ಎಲ್ಲಿ ಹಾದುಹೋಗುತ್ತದೆ ಎಂಬುದನ್ನು ತಿಳಿಸುವುದಿಲ್ಲ. ಪಹಣಿಯಲ್ಲಿ ವಿಸ್ತೀರ್ಣ ನಮೂದಾಗಿರುತ್ತದೆ, ಆಕಾರ ಇರುವುದಿಲ್ಲ. ಆದುದರಿಂದ ಕೃಷಿ ಜಮೀನಿನ ಹಿಡುವಳಿದಾರರು ಬೇಲಿಯ ಸಾಮಗ್ರಿ ಖರೀದಿಸುವ ಮೊದಲೇ ಹದ್ದುಬಸ್ತಿಗೆ ಅರ್ಜಿ ಸಲ್ಲಿಸುವುದು ಸೂಕ್ತ. ಅರ್ಜಿಯ ಮೇರೆಗೆ ಅಕ್ಕಪಕ್ಕದ ಖಾತೆದಾರರಿಗೆ ನೋಟೀಸು ನೀಡಿ, ಭೂಮಾಪಕರು ನಿಗದಿತ ದಿನಾಂಕದಂದು ಮೂಲ ಅಳತೆ ದಾಖಲೆಗಳ ಆಧಾರದ ಮೇಲೆ ಗಡಿಯನ್ನು ಗುರುತಿಸಿ ತೋರಿಸುತ್ತಾರೆ.

ಅಳತೆಯ ದಿನ ಅರ್ಜಿದಾರರು ಖುದ್ದು ಹಾಜರಿದ್ದು, ತೋರಿಸಿದ ಪ್ರತಿಯೊಂದು ಮೂಲೆಯಲ್ಲಿಯೂ ಕಲ್ಲು ನೆಡಲು ಸಿದ್ಧತೆ ಮಾಡಿಕೊಂಡಿರತಕ್ಕದ್ದು. ಗೂಟ ಅಥವಾ ಸುಣ್ಣದ ಗುರುತು ಒಂದು ಮಳೆಗೆ ಅಳಿಸಿಹೋಗಬಹುದು. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಮೇರೆಗೆ ಬಾಂದು ಕಲ್ಲುಗಳನ್ನು ಸುಸ್ಥಿತಿಯಲ್ಲಿ ಕಾಪಾಡುವ ಹೊಣೆ ಹಿಡುವಳಿದಾರರದಾಗಿದ್ದು, ಅವುಗಳನ್ನು ಕಿತ್ತುಹಾಕುವುದು ದಂಡನೀಯವಾಗಿರುತ್ತದೆ.

2. ವಿಶೇಷವಾಗಿ ಗಮನಿಸಬೇಕಾದ ಅಂಶಗಳು

ಅ) ಒಂದೇ ಸರ್ವೆ ನಂಬರು ಹಲವರ ಹೆಸರಿನಲ್ಲಿ ಜಂಟಿಯಾಗಿದ್ದು ಪೋಡಿ ಆಗದೇ ಇದ್ದಲ್ಲಿ, ಪ್ರತಿಯೊಬ್ಬರ ಭಾಗಕ್ಕೆ ದಾಖಲೆಯಲ್ಲಿ ಪ್ರತ್ಯೇಕ ಗಡಿ ಇರುವುದಿಲ್ಲ. ಅಂತಹವರು ಮೊದಲು ಪೋಡಿ ಮಾಡಿಸಿಕೊಳ್ಳುವುದು ಒಳಿತು. ಅಣ್ಣತಮ್ಮಂದಿರ ನಡುವೆ ಬಾಯಿಮಾತಿನ ವಿಭಾಗವನ್ನು ನಂಬಿ ಹಾಕಿದ ಬೇಲಿಗಳು ಮುಂದಿನ ತಲೆಮಾರಿನಲ್ಲಿ ವ್ಯಾಜ್ಯಕ್ಕೆ ಕಾರಣವಾಗಬಹುದು.

ಆ) ಬಿ ಖರಾಬು ಎಂದು ದಾಖಲಾದ ಹಳ್ಳ, ಬಂಡಿದಾರಿ ಮುಂತಾದವು ಸಾರ್ವಜನಿಕ ಉಪಯೋಗಕ್ಕೆ ಮೀಸಲು. ಇವು ಜಮೀನಿನ ನಡುವೆ ಹಾದುಹೋಗಿದ್ದರೂ ಬೇಲಿಯೊಳಗೆ ಸೇರಿಸಿಕೊಳ್ಳುವಂತಿಲ್ಲ. ಗ್ರಾಮ ನಕಾಶೆಯಲ್ಲಿ ಕಂಡ ದಾರಿಗೂ ಇದು ಅನ್ವಯಿಸುತ್ತದೆ.

ಇ) ಅಳತೆಯಿಂದ ಗಡಿ ಗುರುತಿಸಬಹುದೇ ವಿನಾ ಮಾಲೀಕತ್ವದ ತಕರಾರನ್ನು ಇತ್ಯರ್ಥಪಡಿಸಲಾಗದು. ಹಕ್ಕಿನ ವಿವಾದವಿದ್ದಲ್ಲಿ ಸಿವಿಲ್ ನ್ಯಾಯಾಲಯವನ್ನೇ ಆಶ್ರಯಿಸಬೇಕಾಗುತ್ತದೆ. ಪಕ್ಕದವರ ಸ್ವಾಧೀನದಲ್ಲಿರುವ ಭಾಗಕ್ಕೆ ಬಲವಂತವಾಗಿ ಬೇಲಿ ಹಾಕಿದಲ್ಲಿ, ಸ್ವಾಧೀನ ಕಳೆದುಕೊಂಡವರು ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ 6ನೇ ಪ್ರಕರಣದನ್ವಯ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಲು ಅವಕಾಶವಿದೆ.

ಈ) ಪಟ್ಟಣ ಹಾಗೂ ನಗರ ಪ್ರದೇಶದ ನಿವೇಶನದಾರರು ಕಾಂಪೌಂಡಿನ ಎತ್ತರ ಮತ್ತು ಅನುಮತಿಯ ಬಗ್ಗೆ ಸ್ಥಳೀಯ ಸಂಸ್ಥೆಯಲ್ಲಿ ಮುಂಚಿತವಾಗಿ ವಿಚಾರಿಸುವುದು.

3. ಬೇಲಿಯ ಉದ್ದದ ಲೆಕ್ಕ

ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ, ಅಂದರೆ 43,560 ಚದರ ಅಡಿ. ವಿಸ್ತೀರ್ಣ ಒಂದೇ ಆದರೂ ಜಮೀನಿನ ಆಕಾರಕ್ಕೆ ತಕ್ಕಂತೆ ಬೇಲಿಯ ಉದ್ದ ಬದಲಾಗುತ್ತದೆ. ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 835 ಅಡಿ. ಅದೇ ಒಂದು ಎಕರೆ 66 ಅಡಿ ಅಗಲ, 660 ಅಡಿ ಉದ್ದದ ಪಟ್ಟೆಯಾಗಿದ್ದಲ್ಲಿ ಸುತ್ತಳತೆ 1,452 ಅಡಿ. ಹತ್ತು ಅಡಿಗೊಂದು ಕಂಬದಂತೆ ಮೊದಲನೆಯದಕ್ಕೆ ಸುಮಾರು 84, ಎರಡನೆಯದಕ್ಕೆ ಸುಮಾರು 145 ಕಂಬಗಳು ಬೇಕು. ಆದುದರಿಂದ ಎಕರೆಗೆ ಇಷ್ಟು ಎಂದು ದರ ಹೇಳುವ ಗುತ್ತಿಗೆದಾರರಿಂದ ಅಡಿ ಅಥವಾ ಮೀಟರ್ ಲೆಕ್ಕದಲ್ಲಿ ಲಿಖಿತ ದರಪಟ್ಟಿ ಪಡೆಯತಕ್ಕದ್ದು.

4. ಬೇಲಿಯ ವಿಧಗಳು

ಜೀವಂತ ಬೇಲಿ: ಕತ್ತಾಳೆ, ಕಳ್ಳಿ, ಲಕ್ಕಿ, ಗೊಬ್ಬರದ ಗಿಡ ಮುಂತಾದವು. ವೆಚ್ಚ ಅತಿ ಕಡಿಮೆ; ಗೊಬ್ಬರದ ಗಿಡದಿಂದ ಹಸಿರೆಲೆಯೂ ದೊರೆಯುತ್ತದೆ. ಬೆಳೆದು ದಟ್ಟವಾಗಲು ಕೆಲವು ವರ್ಷಗಳು ಬೇಕು. ಹರಡುವ ಸ್ವಭಾವವಿರುವುದರಿಂದ ಗಡಿ ರೇಖೆಯಿಂದ ಒಳಗೆ ನೆಟ್ಟು, ವರ್ಷಕ್ಕೊಮ್ಮೆ ಸವರಬೇಕು.

ಮುಳ್ಳುತಂತಿ: ದನಕರುಗಳ ತಡೆಗೆ ನಾಲ್ಕೈದು ಸಾಲಿನ ತಂತಿ ಸಾಕಾಗುತ್ತದೆ; ಹಂದಿ, ಕುರಿ, ಮೇಕೆಗಳನ್ನು ತಡೆಯುವುದಿಲ್ಲ. ಏಳು ಅಡಿಯ ಕಲ್ಲು ಕಂಬವನ್ನು ಕನಿಷ್ಠ ಎರಡು ಅಡಿ ಹೂಳಬೇಕು. ಮೂಲೆಯ ಕಂಬಗಳಿಗೆ ಓರೆ ಆಧಾರ ಕೊಡದಿದ್ದಲ್ಲಿ ತಂತಿ ಸಡಿಲಗೊಳ್ಳುತ್ತದೆ.

ಚೈನ್ ಲಿಂಕ್ ಜಾಲರಿ: ಸಣ್ಣ ಪ್ರಾಣಿಗಳನ್ನೂ ತಡೆಯುತ್ತದೆ. ತಂತಿಯ ದಪ್ಪ ಹಾಗೂ ಸತುವಿನ ಲೇಪನದ ಮೇಲೆ ಬಾಳಿಕೆ ಅವಲಂಬಿಸಿದೆ. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳುವಾಗಿರುತ್ತದೆ ಎಂಬುದನ್ನು ಖರೀದಿದಾರರು ನೆನಪಿಡತಕ್ಕದ್ದು. ಕರಾವಳಿಯ ಉಪ್ಪುಗಾಳಿಯಲ್ಲಿ ತೆಳು ಲೇಪನದ ಜಾಲರಿ ಬೇಗ ತುಕ್ಕು ಹಿಡಿಯುತ್ತದೆ.

ಕಾಂಪೋಸಿಟ್ ಹಲಗೆ ಬೇಲಿ: ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ತಯಾರಿಸಿದ ಹಲಗೆಗಳಿವು. ಮನೆಯ ನಿವೇಶನಗಳಿಗೆ ಸೂಕ್ತವೇ ಹೊರತು ವಿಸ್ತಾರವಾದ ಜಮೀನಿಗೆ ಅಲ್ಲ. ಮರಕ್ಕಿಂತ ಕಡಿಮೆ ನೀರು ಹೀರುತ್ತವೆ, ಗೆದ್ದಲಿನ ಬಾಧೆ ಕಡಿಮೆ, ಬಣ್ಣ ಬಳಿಯುವ ಅಗತ್ಯವಿಲ್ಲ. ಆದರೆ ಬಿಸಿಲಿಗೆ ಹಿಗ್ಗುವುದರಿಂದ ತಯಾರಕರು ಸೂಚಿಸಿದಷ್ಟು ಅಂತರವನ್ನು ತುದಿಗಳಲ್ಲಿ ಬಿಡದಿದ್ದಲ್ಲಿ ಹಲಗೆ ಡೊಂಕಾಗುತ್ತದೆ. ಭಾರ ಹೊರುವ ಶಕ್ತಿ ಕಡಿಮೆ ಇರುವುದರಿಂದ ಕಂಬಗಳು ಉಕ್ಕು ಅಥವಾ ಕಾಂಕ್ರೀಟಿನವಾಗಿದ್ದು, ಹತ್ತಿರ ಹತ್ತಿರ ಇರಬೇಕು. ಸಂದಿಲ್ಲದ ಹಲಗೆ ಬೇಲಿಗೆ ಗಾಳಿಯ ಒತ್ತಡ ಹೆಚ್ಚು. ಆದುದರಿಂದ ತಳಪಾಯ ಆಳವಾಗಿರಬೇಕು. ಬೆಂಕಿಗೆ ಉರಿಯುವ ವಸ್ತುವಾದುದರಿಂದ ಕಸ ಸುಡುವ ಕಡೆ ಬಳಸಬಾರದು. ಮೇಲ್ಪದರ ಹೊದಿಸಿದ ಹಲಗೆಯು ಹಾಗಿಲ್ಲದ ಹಲಗೆಗಿಂತ ನಿಧಾನವಾಗಿ ಬಣ್ಣ ಕಳೆದುಕೊಳ್ಳುತ್ತದೆ. ಖಾತರಿ ಪತ್ರದಲ್ಲಿ ಬಣ್ಣ ಮಾಸುವುದು ಹಾಗೂ ಡೊಂಕಾಗುವುದು ಸೇರಿದೆಯೇ ಎಂದು ಓದಿಯೇ ಹಣ ಪಾವತಿಸುವುದು.

ಸೌರ ಬೇಲಿ: ಕಾಡಂಚಿನ ಗ್ರಾಮಗಳಲ್ಲಿ ಬಳಕೆಯಲ್ಲಿದೆ. ಸೌರ ಫಲಕದಿಂದ ಚಾರ್ಜ್ ಆಗುವ ಬ್ಯಾಟರಿ ಹಾಗೂ ಎನರ್ಜೈಸರ್ ಮೂಲಕ ಕ್ಷಣಮಾತ್ರದ ವಿದ್ಯುತ್ ಮಿಡಿತಗಳು ತಂತಿಯಲ್ಲಿ ಹರಿಯುತ್ತವೆ. ಪ್ರಾಣಿ ಬೆದರಿ ಹಿಂಜರಿಯುತ್ತದೆ. ಹುಲ್ಲು, ಬಳ್ಳಿ ತಂತಿಗೆ ತಾಗಿದಲ್ಲಿ ಶಕ್ತಿ ಸೋರಿಹೋಗುವುದರಿಂದ ಬೇಲಿಯ ಕೆಳಭಾಗವನ್ನು ಸ್ವಚ್ಛವಾಗಿಡಬೇಕು.

5. ಎಚ್ಚರಿಕೆ

ಪಂಪ್‌ಸೆಟ್ಟಿನ ಅಥವಾ ಮನೆಯ ವಿದ್ಯುತ್ ಮಾರ್ಗದಿಂದ ನೇರವಾಗಿ ಬೇಲಿಗೆ ವಿದ್ಯುತ್ ಹರಿಸುವುದು ಕಾನೂನುಬಾಹಿರ. ಇದರಿಂದ ಆನೆ ಮೊದಲಾದ ವನ್ಯಜೀವಿಗಳಷ್ಟೇ ಅಲ್ಲದೆ ರಾತ್ರಿ ನೀರು ಹಾಯಿಸಲು ಹೋದ ರೈತರೂ, ದನ ಅರಸಿ ಬಂದ ನೆರೆಹೊರೆಯವರೂ ಪ್ರಾಣ ಕಳೆದುಕೊಂಡಿದ್ದಾರೆ. ಸಾವು ಸಂಭವಿಸಿದಲ್ಲಿ ಜಮೀನಿನವರು ಕ್ರಿಮಿನಲ್ ಮೊಕದ್ದಮೆ ಎದುರಿಸಬೇಕಾಗುತ್ತದೆ.

6. ಅರ್ಜಿದಾರರ ಗಮನಕ್ಕೆ

ಹದ್ದುಬಸ್ತು ಅರ್ಜಿಯನ್ನು ಇತ್ತೀಚಿನ ಪಹಣಿ, ಗುರುತಿನ ದಾಖಲೆ ಹಾಗೂ ನಿಗದಿತ ಶುಲ್ಕದೊಂದಿಗೆ ನಾಡಕಛೇರಿಯಲ್ಲಿ ಸಲ್ಲಿಸಿ ಸ್ವೀಕೃತಿ ಪಡೆಯುವುದು. ಬಾಜೂದಾರರ ಹೆಸರುಗಳನ್ನು ತಪ್ಪಿಲ್ಲದೆ ನಮೂದಿಸುವುದು. ನೋಟೀಸು ತಲುಪದ ಬಾಜೂದಾರರು ಮುಂದೆ ಆಕ್ಷೇಪಣೆ ಎತ್ತಲು ಎಡೆಯಾಗುತ್ತದೆ. ಬೇಲಿಗೆ ಸಹಾಯಧನ ನಿರೀಕ್ಷಿಸುವವರು ಆ ಸಾಲಿನಲ್ಲಿ ಯೋಜನೆ ಜಾರಿಯಲ್ಲಿದೆಯೇ ಎಂಬುದನ್ನು ಸಂಬಂಧಪಟ್ಟ ಇಲಾಖೆಯಲ್ಲಿ ಖಚಿತಪಡಿಸಿಕೊಂಡ ನಂತರವೇ ಸಾಮಗ್ರಿ ಖರೀದಿಸತಕ್ಕದ್ದು. ಅಳತೆಯ ನಕ್ಷೆ, ರಸೀದಿ ಮತ್ತು ದರಪಟ್ಟಿಗಳನ್ನು ಸ್ವತ್ತಿನ ದಾಖಲೆಗಳೊಂದಿಗೆ ಕಾಯ್ದಿರಿಸುವುದು.

ಹೆಚ್ಚಿನ ವಿವರಗಳಿಗಾಗಿ ಸಂಬಂಧಪಟ್ಟ ತಾಲ್ಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.