ತರುಣ ಹೆಗೆಲನ ಪ್ರಶ್ನೆ ಮತ್ತು ಕ್ರಿಸ್ತಸಭೆ

ಹೆಗೆಲ್ ಎಂದೊಡನೆ ನಮಗೆ ನೆನಪಾಗುವುದು ಬರ್ಲಿನ್ ವಿಶ್ವವಿದ್ಯಾಲಯದ ಪ್ರೌಢ ತತ್ವಜ್ಞಾನಿ. ಆದರೆ ಅವನ ಚಿಂತನೆ ಮೊಳೆತದ್ದು ಸಭಾಪಾಲಕರನ್ನು ಸಿದ್ಧಪಡಿಸುವ ವಿದ್ಯಾಲಯದಲ್ಲಿ. 1770ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಜನಿಸಿದ ಅವನು 1788ರಲ್ಲಿ ಟ್ಯೂಬಿಂಗನ್ನಿನ ಲೂಥರನ್ ದೈವಶಾಸ್ತ್ರ ವಿದ್ಯಾಲಯವನ್ನು ಸೇರಿದನು. ಕವಿ ಹೋಲ್ಡರ್ಲಿನ್ ಮತ್ತು ತತ್ವಜ್ಞಾನಿ ಶೆಲ್ಲಿಂಗ್ ಅವನ ಸಹಪಾಠಿಗಳು. ‘ದೇವರ ರಾಜ್ಯ’ ಎಂಬುದು ಈ ಗೆಳೆಯರ ಧ್ಯೇಯವಾಕ್ಯವಾಗಿತ್ತು. 1793ರಲ್ಲಿ ವ್ಯಾಸಂಗ ಮುಗಿಸಿದ ಹೆಗೆಲನು ಸಭಾಸೇವೆಗೆ ಹೋಗದೆ ಬರ್ನ್ ನಗರದಲ್ಲಿ ಮನೆಪಾಠದ ಉಪಾಧ್ಯಾಯನಾದನು.

ಅಲ್ಲಿ 1795ರಲ್ಲಿ ಅವನು ಯೇಸುವಿನ ಜೀವನಚರಿತ್ರೆಯೊಂದನ್ನು ಬರೆದನು. ಅದರಲ್ಲಿ ಯೇಸು ಕಾಂಟನ ನೀತಿಯನ್ನು ಬೋಧಿಸುವ ಗುರು, ಅದ್ಭುತಕಾರ್ಯಗಳಿಲ್ಲ, ಕಥನವು ಸಮಾಧಿಯಲ್ಲಿಯೇ ಮುಗಿಯುತ್ತದೆ. ಅದೇ ಕಾಲದ ಮತ್ತೊಂದು ಬರಹದಲ್ಲಿ ಅವನು ಮುಖ್ಯ ಪ್ರಶ್ನೆಯೊಂದನ್ನು ಎತ್ತಿದನು: ಯೇಸುವಿನ ಜೀವಂತ ಬೋಧನೆಯು ಅಧಿಕಾರದ ಬಲದಿಂದ ಒಪ್ಪಿಕೊಳ್ಳಬೇಕಾದ ವಿಧಿಗಳ ಧರ್ಮವಾಗಿ ಮಾರ್ಪಟ್ಟದ್ದು ಹೇಗೆ?

ಫ್ರಾಂಕ್‌ಫರ್ಟಿನಲ್ಲಿದ್ದ ವರ್ಷಗಳಲ್ಲಿ (1797–1800) ಅವನು ಕಾಂಟನನ್ನೂ ಮೀರಿ ನಡೆದನು. ಹೊರಗಿನ ಒಡೆಯನಿಗೆ ವಿಧೇಯನಾಗುವವನಂತೆಯೇ ಕೇವಲ ಕರ್ತವ್ಯಕ್ಕೆ ವಿಧೇಯನಾಗುವವನೂ ದಾಸನೇ. ವ್ಯತ್ಯಾಸವಿಷ್ಟೇ, ಅವನ ಒಡೆಯನು ಅವನೊಳಗೇ ಇದ್ದಾನೆ. ಪ್ರೀತಿಯೊಂದೇ ಆಜ್ಞೆಯನ್ನೂ ಮನದ ಒಲವನ್ನೂ ಒಂದುಗೂಡಿಸಿ ವಿಭಜಿತವಾದ ಜೀವನವನ್ನು ಸಮಾಧಾನಪಡಿಸಬಲ್ಲದು. ಮುಂದೆ ಅವನ ದರ್ಶನದ ಕೇಂದ್ರವಾದ ‘ಸಮನ್ವಯ’ದ ಬೀಜವನ್ನು ನಾವು ಇಲ್ಲಿಯೇ ಕಾಣುತ್ತೇವೆ.

ಆದರೆ ಇದೇ ಪುಟಗಳಲ್ಲಿ ಗಂಭೀರವಾದ ದೋಷವೊಂದಿದೆ. ಯೇಸುವಿನ ಪ್ರೀತಿಯನ್ನು ಎತ್ತಿಹಿಡಿಯಲು ಹೆಗೆಲನು ಇಸ್ರಾಯೇಲಿನ ಧರ್ಮವನ್ನು ದಾಸ್ಯದ ಧರ್ಮವೆಂದು ಚಿತ್ರಿಸಿದನು. ದೇವರನ್ನು ಪ್ರೀತಿಸಬೇಕೆಂಬ ಆಜ್ಞೆಯನ್ನು ಯೇಸು ತೆಗೆದುಕೊಂಡದ್ದು ಧರ್ಮೋಪದೇಶಕಾಂಡದಿಂದ; ನೆರೆಯವನನ್ನು ಪ್ರೀತಿಸಬೇಕೆಂಬುದನ್ನು ಯಾಜಕಕಾಂಡದಿಂದ. ಯಾವ ಬೇರಿನಿಂದ ಆ ಪ್ರೀತಿ ಚಿಗುರಿತೋ ಆ ಬೇರನ್ನೇ ಹೆಗೆಲನು ಹೀಗಳೆದನು. ಧರ್ಮಶಾಸ್ತ್ರವನ್ನು ಕೃಪೆಯ ಶತ್ರುವೆಂದು ಬೋಧಿಸುವ ಪ್ರತಿಯೊಂದು ಪ್ರಸಂಗವೂ ಇದೇ ತಪ್ಪಿನಲ್ಲಿ ಪಾಲುಗೊಳ್ಳುತ್ತದೆ.

ಈ ಹಸ್ತಪ್ರತಿಗಳು ಒಟ್ಟಾಗಿ ಪ್ರಕಟವಾದದ್ದು ಹೆಗೆಲನು ತೀರಿಕೊಂಡು 76 ವರ್ಷಗಳಾದ ಮೇಲೆ, 1907ರಲ್ಲಿ, ಹರ್ಮನ್ ನೋಲ್‌ನ ಸಂಪಾದಕತ್ವದಲ್ಲಿ. ಅಷ್ಟರೊಳಗೆ ಹೆಗೆಲನ ಪ್ರೌಢ ದರ್ಶನದಿಂದ ಪ್ರೇರಿತನಾದ ಡೇವಿಡ್ ಸ್ಟ್ರೌಸ್, ಅದೇ ಟ್ಯೂಬಿಂಗನ್ನಿನಲ್ಲಿದ್ದು, 1835ರಲ್ಲಿ ಯೇಸುವಿನ ಚರಿತ್ರೆಯನ್ನು ಬರೆದು, ಸುವಾರ್ತೆಗಳ ಅದ್ಭುತ ಕಥನಗಳನ್ನು ಪುರಾಣವೆಂದು ವಿವರಿಸಿ ತನ್ನ ಹುದ್ದೆಯನ್ನು ಕಳೆದುಕೊಂಡನು. ಮರುವರ್ಷವೇ, ಟ್ಯೂಬಿಂಗನ್ನಿನಲ್ಲಿ ದೈವಶಾಸ್ತ್ರವನ್ನು ಅಭ್ಯಸಿಸಿದ್ದ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಷನ್ನಿನ ಸೇವಕರಾಗಿ ಮಂಗಳೂರಿಗೆ ಬಂದರು. ಒಂದೇ ಊರು ಐರೋಪ್ಯ ಸಭೆಗೆ ತೀಕ್ಷ್ಣ ವಿಮರ್ಶೆಯನ್ನೂ ಕನ್ನಡ ಸಭೆಗೆ ಸುವಾರ್ತಾಸೇವಕರನ್ನೂ ಕೊಟ್ಟಿತು. ಆದುದರಿಂದ ಹೆಗೆಲನ ಪ್ರಶ್ನೆಯು ನಮಗೆ ಹೊರಗಿನದಲ್ಲ.

ಅವನ ಉತ್ತರವನ್ನು ನಾವು ಒಪ್ಪಲಾರೆವು. ಸಮಾಧಿಯಲ್ಲಿ ಮುಗಿಯುವ ಕಥೆ ಸುವಾರ್ತೆಯಲ್ಲ. ಪುನರುತ್ಥಾನವಿಲ್ಲದ ಯೇಸು ಉತ್ತಮ ಬೋಧಕನಾಗಿ ಉಳಿಯುವನೇ ಹೊರತು ಜೀವಿಸುವ ಕರ್ತನಾಗಿ ಅಲ್ಲ. ಆದರೂ ಪ್ರಶ್ನೆ ಉಳಿದಿದೆ. ವಿಶ್ವಾಸಪ್ರಮಾಣವನ್ನು ಬಾಯಿಪಾಠ ಮಾಡಿಸುವಾಗ, ದೃಢೀಕರಣದ ತರಗತಿಯನ್ನು ನಡೆಸುವಾಗ, ಸಭಾಶಿಸ್ತಿನ ನಿಯಮವನ್ನು ಜಾರಿಗೊಳಿಸುವಾಗ ನಾವು ಜನರನ್ನು ಕ್ರಿಸ್ತನ ಬಳಿಗೆ ನಡೆಸುತ್ತಿದ್ದೇವೆಯೋ, ಅಥವಾ ನಮ್ಮ ಅಧಿಕಾರಕ್ಕೆ ತಲೆಬಾಗಿಸುತ್ತಿದ್ದೇವೆಯೋ? ಸಭಾಪಾಲಕನಾಗದೆ ಹೊರನಡೆದ ಆ ವಿದ್ಯಾರ್ಥಿಗೆ ಉತ್ತರ ಕೊಡಬೇಕಾದವರು ಸಭಾಪಾಲನೆಯನ್ನು ವಹಿಸಿಕೊಂಡಿರುವ ನಾವೇ.