ಪೆಟ್ಟಿಗೆಯೊಳಗೆ ತಂಬೂರಿ ಸೇರಿದ ಕಥೆ

ಕಚೇರಿ ಆರಂಭವಾಗುವ ಮುನ್ನ ಗಾಯಕರು ಮಾಡುವ ಮೊದಲ ಕೆಲಸ ಶ್ರುತಿ ಸೇರಿಸುವುದು. ಹಿಂದೆಲ್ಲ ಗಾಯಕರ ಬೆನ್ನ ಹಿಂದೆ ಕುಳಿತು ತಂಬೂರಿ ಮೀಟುವ ಹೊಣೆ ಸಾಮಾನ್ಯವಾಗಿ ಶಿಷ್ಯರದಾಗಿರುತ್ತಿತ್ತು. ಇಂದು ಅನೇಕ ವೇದಿಕೆಗಳಲ್ಲಿ ಆ ಜಾಗವನ್ನು ಪುಟ್ಟ ಪೆಟ್ಟಿಗೆಯೊಂದು ಹಿಡಿದಿದೆ. ಅದರ ತವರು ಬೆಂಗಳೂರು.

ವೃತ್ತಿಯಿಂದ ಎಂಜಿನಿಯರ್ ಆಗಿದ್ದು ಕೊಳಲನ್ನೂ ನುಡಿಸುತ್ತಿದ್ದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅದೇ ವರ್ಷ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಮ್ಮೇಳನದಲ್ಲಿ ಅದು ಪ್ರದರ್ಶನಗೊಂಡಿತು.

ತಂಬೂರಿಯನ್ನು ಯಂತ್ರಕ್ಕೆ ಇಳಿಸಲು ಎರಡು ಸಂಗತಿಗಳನ್ನು ಹಿಡಿಯಬೇಕು. ಒಂದು ಮೀಟಿನ ಕ್ರಮ, ಇನ್ನೊಂದು ನಾದ. ಕ್ರಮ ಸರಳ. ಪಂಚಮ, ಸಾರಣಿ, ಅನುಸಾರಣಿ, ಮಂದ್ರ ಎಂಬ ನಾಲ್ಕು ತಂತಿಗಳು ಒಂದಾದ ಮೇಲೊಂದು ನುಡಿಯುತ್ತವೆ. ಮತ್ತೆ ಮೊದಲಿನಿಂದ ಶುರು. ಹೀಗೆ ಸ್ವರಗಳನ್ನು ಸರದಿಯಲ್ಲಿ ನುಡಿಸುವ ಸಾಧನಕ್ಕೆ ಸೀಕ್ವೆನ್ಸರ್ ಎಂದು ಹೆಸರು.

ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ಸಿಂಥಸೈಜರ್ ರೂಪಿಸಿದಾಗ ಅದು ಬಿಡಿ ಬಿಡಿ ಘಟಕಗಳನ್ನು ತಂತಿಗಳಿಂದ ಜೋಡಿಸುವ ಯಂತ್ರವಾಗಿತ್ತು. ಮುಂದೆ ಅದಕ್ಕೆ ಸೇರಿದ 960 ಸಂಖ್ಯೆಯ ಸೀಕ್ವೆನ್ಸರ್‌ನಲ್ಲಿ ಎಂಟು ಮೆಟ್ಟಿಲುಗಳ ಮೂರು ಸಾಲುಗಳಿದ್ದವು. ಪ್ರತಿ ಮೆಟ್ಟಿಲಿನ ಗುಂಡಿಯನ್ನು ತಿರುವಿ ವಿದ್ಯುತ್ತಿನ ಒತ್ತಡವನ್ನು ಗೊತ್ತುಮಾಡಬೇಕು. ಒಂದು ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಮೂಗ್ ಯಂತ್ರವೊಂದು 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂದಿತು. ಗೀತಾ ಸಾರಾಭಾಯಿ ಮೊದಲಾದವರು ಅಲ್ಲಿ ಪ್ರಯೋಗಗಳನ್ನು ನಡೆಸಿದರು.

ಕಷ್ಟವಿರುವುದು ನಾದದಲ್ಲಿ. ಕಾರಣವನ್ನು ಸರ್ ಸಿ.ವಿ. ರಾಮನ್ 1921ರಷ್ಟು ಹಿಂದೆಯೇ ತೋರಿಸಿದ್ದರು. ಸಾಮಾನ್ಯ ತಂತಿಯನ್ನು ಮೀಟಿದಾಗ, ಮೀಟಿದ ಜಾಗದಲ್ಲಿ ಅಲುಗದೆ ನಿಲ್ಲಬೇಕಾದ ಉಪಸ್ವರಗಳು ಕೇಳಿಸುವುದಿಲ್ಲ. ತಂಬೂರಿ ಮತ್ತು ವೀಣೆಗಳಲ್ಲಿ ಅವೂ ಸ್ಪಷ್ಟವಾಗಿ ಕೇಳಿಸುತ್ತವೆ. ಅಗಲವಾದ, ಕೊಂಚ ಉಬ್ಬಿದ ಕುದುರೆಯ ಮಹಿಮೆ ಇದು. ತಂಬೂರಿಯಲ್ಲಿ ಕುದುರೆಯ ಮೇಲೆ ತಂತಿಯ ಕೆಳಗಿಡುವ ಜೀವಾಳದ ನೂಲು ಈ ಗುಣವನ್ನು ಇನ್ನಷ್ಟು ಅರಳಿಸುತ್ತದೆ. ಚೆನ್ನಾಗಿ ಶ್ರುತಿಗೊಂಡ ತಂಬೂರಿಯಿಂದ ಯಾರೂ ಮೀಟದ ಗಾಂಧಾರ ತಾನಾಗಿಯೇ ಹೊಮ್ಮುವುದನ್ನು ವಿದ್ವಾಂಸರು ಬಲ್ಲರು.

ಎಲೆಕ್ಟ್ರಾನಿಕ್ ಮಂಡಲ ಹುಟ್ಟಿಸುವ ಸೈನ್ ತರಂಗದಲ್ಲಿ ಉಪಸ್ವರವೇ ಇಲ್ಲ. ಗರಗಸದ ಹಲ್ಲಿನಾಕಾರದ ತರಂಗದಲ್ಲಿ ಎಲ್ಲ ಉಪಸ್ವರಗಳೂ ಇವೆ. ಆದರೆ ಅವು ಇದ್ದಲ್ಲೇ ಇರುತ್ತವೆ. ತಂಬೂರಿಯಲ್ಲಾದರೋ ಒಂದೊಂದು ಉಪಸ್ವರವೂ ತನ್ನದೇ ಗತಿಯಲ್ಲಿ ಏರಿ ಇಳಿಯುತ್ತದೆ. ಈ ಕೊರತೆಗೆ ಪರಿಹಾರವಾಗಿ ಬಂದದ್ದು ಸ್ಯಾಂಪ್ಲಿಂಗ್. ನಿಜವಾದ ತಂಬೂರಿಯ ಮೀಟನ್ನೇ ಮುದ್ರಿಸಿ, ಅಂಕಿಗಳಾಗಿಸಿ, ಚಿಪ್ಪಿನಲ್ಲಿ ಕೂಡಿಟ್ಟು, ಸರದಿಯಂತೆ ಹೊರಬಿಡುವ ವಿಧಾನವಿದು. ಇದಕ್ಕೂ ಮಿತಿಯಿದೆ. ಶ್ರುತಿ ಏರಿಸಲೆಂದು ಮುದ್ರಿತ ನಾದವನ್ನು ವೇಗವಾಗಿ ಓಡಿಸಿದರೆ ಅದು ಮೊಟಕಾಗುತ್ತದೆ, ಬಣ್ಣವೂ ಬದಲಾಗುತ್ತದೆ. ಆದ್ದರಿಂದಲೇ ಬೇರೆ ಬೇರೆ ಶ್ರುತಿಗಳಿಗೆ ಬೇರೆ ಬೇರೆ ಮಾದರಿಗಳನ್ನು ಮುದ್ರಿಸಿಕೊಳ್ಳುವುದು ಒಳ್ಳೆಯದು.

ಪೆಟ್ಟಿಗೆಯಿಂದ ಆದ ಉಪಕಾರ ಸಣ್ಣದಲ್ಲ. ತಂಬೂರಿ ಕೊಳ್ಳಲಾಗದವರು, ಜೊತೆಗೆ ಮೀಟುವವರಿಲ್ಲದವರು, ಬಸ್ಸು ರೈಲುಗಳಲ್ಲಿ ಊರೂರು ಸುತ್ತುವ ಕಲಾವಿದರು ಎಲ್ಲರಿಗೂ ಗುಂಡಿ ಒತ್ತಿದೊಡನೆ ಶ್ರುತಿ ಸಿಕ್ಕಿತು. ಒಬ್ಬರೇ ಕುಳಿತು ಸಾಧನೆ ಮಾಡುವುದು ಸುಲಭವಾಯಿತು.

ಆದರೆ ತಂಬೂರಿ ಮೀಟುವುದು ಶಿಷ್ಯನ ಪಾಲಿಗೆ ಬರೀ ಸೇವೆಯಾಗಿರಲಿಲ್ಲ. ಬಿರಡೆ ತಿರುವಿ, ನೂಲು ಸರಿಸಿ, ಗಾಂಧಾರ ಕೇಳುವವರೆಗೆ ಕಾಯುವಾಗ ಕಿವಿಗೆ ಪಾಠವಾಗುತ್ತಿತ್ತು. ಗುರುವಿನ ಬೆನ್ನ ಹಿಂದೆ ಕುಳಿತು ಇಡೀ ಕಚೇರಿಯನ್ನು ಕೇಳುವುದು ಇನ್ನೊಂದು ಪಾಠ. ಪೆಟ್ಟಿಗೆ ತಂಬೂರಿಯ ದನಿಯನ್ನು ತಕ್ಕಮಟ್ಟಿಗೆ ಹಿಡಿದಿದೆ. ಆ ಪಾಠವನ್ನು ಮಾತ್ರ ಗುರುಶಿಷ್ಯರೇ ಬೇರೆ ದಾರಿಯಲ್ಲಿ ಉಳಿಸಿಕೊಳ್ಳಬೇಕಾಗಿದೆ.